ಸರ್ವರ್ ಡೌನ್ ಮೀಮಾಂಸೆ: ರೋಣ-ನರಗುಂದ-ಗಜೇಂದ್ರಗಡ ತ್ರಿಕೋನದಲ್ಲಿ ವಿತರಿತ ದತ್ತಾಂಶ ಸಂಗ್ರಹದ ದೋಷಪರಿಹಾರ

ಪ್ರಸ್ತುತ ಪ್ರಬಂಧವು ಗದಗ ಜಿಲ್ಲೆಯ ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳನ್ನು ಅಧ್ಯಯನ ಕ್ಷೇತ್ರವನ್ನಾಗಿ ಪರಿಗ್ರಹಿಸಿ, ವಿತರಿತ ಸಂಗ್ರಹ ತಂತ್ರಾಂಶದ ದೋಷನಿವಾರಣೆ ಮತ್ತು ಕಾರ್ಯಕ್ಷಮತಾ ಸಂವರ್ಧನೆಯ ಬಹುಆಯಾಮಿ, ಬಹುಸ್ತರೀಯ, ನಾಗರಿಕಸ್ನೇಹಿ ಪರಿಪ್ರೇಕ್ಷ್ಯವೊಂದನ್ನು ಅನಾವರಣಗೊಳಿಸುತ್ತದೆ. (ಈ ವಾಕ್ಯಕ್ಕೆ ಅರ್ಥ ಕೇಳಬಾರದು. ಇಂಥವನ್ನು ಎ.ಸಿ. ಸಭಾಂಗಣದಲ್ಲಿ ಕೂತು ಊಟದ ಹೊತ್ತಿನವರೆಗೆ ಕೇಳಿದವನಿಗೆ ಒಂದನ್ನಾದರೂ ವಾಪಸು ಕೊಡುವ ಹಕ್ಕಿದೆ.)

ಮೊದಲು ಲಕ್ಷಣ. ಒಂದೇ ಮಾಹಿತಿಯನ್ನು ಹಲವು ಯಂತ್ರಗಳಲ್ಲಿಟ್ಟು, ಅವೆಲ್ಲ ಒಂದೇ ಮಾತಾಡುವಂತೆ ನೋಡಿಕೊಳ್ಳುವುದು ವಿತರಿತ ಸಂಗ್ರಹ. ಇರುವುದೇ ಗೊತ್ತಿಲ್ಲದ ಯಾವುದೋ ಕಂಪ್ಯೂಟರ್ ಕೆಟ್ಟು ನಿಮ್ಮ ಕಂಪ್ಯೂಟರ್ ನಿಂತುಹೋದರೆ ಅದನ್ನು ವಿತರಿತ ವ್ಯವಸ್ಥೆ ಎನ್ನಬೇಕೆಂದು ಲೆಸ್ಲಿ ಲ್ಯಾಂಪೋರ್ಟ್ 1987ರಲ್ಲಿ ಚೇಷ್ಟೆ ಮಾಡಿದ್ದರು. ರೋಣದಲ್ಲಿ ಈ ಸಿದ್ಧಾಂತ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಬೆಂಗಳೂರಿನಲ್ಲಿ ಯಂತ್ರ ನಿಂತರೆ ಇಲ್ಲಿ ಯಂತ್ರವೇ ಇಲ್ಲದ ಮನುಷ್ಯ ನಿಲ್ಲುತ್ತಾನೆ. ಅದೂ ಸಾಲಿನಲ್ಲಿ.

ಇನ್ನು ಇತಿಹಾಸ. ಇತಿಹಾಸವಿಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಈ ಸೀಮೆಯ ಅತ್ಯಂತ ಹಳೆಯ ಭೂದಾಖಲೆ ಸಂಗ್ರಹ ಕಲ್ಲಿನದು. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯ ಆಡಳಿತ ಕಂಡ ಸೂಡಿಯ ಶಾಸನಗಳು ಒಮ್ಮೆ ಬರೆದರೆ ತಿದ್ದಲಾಗದ ಮಾಧ್ಯಮ. ಇವುಗಳ ಭದ್ರತಾ ವ್ಯವಸ್ಥೆ ಪಾಸ್‌ವರ್ಡ್ ಬೇಡದ್ದು: ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂಬ ಶಾಪವನ್ನು ನಮ್ಮ ಶಾಸನಗಳು ಕೊನೆಗೆ ಸೇರಿಸುತ್ತಿದ್ದವು. ಎರಡನೆಯ ಯುಗ ಕುಲಕರ್ಣಿಯ ದಫ್ತರದ್ದು, ಆಮೇಲೆ ತಲಾಟಿಯದ್ದು. ಇಡೀ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ತಮ್ಮ ತಮ್ಮ ರುಮಾಲಿನ ಗಂಟಿನಲ್ಲಿ ಜನರ ಹೊಲ ಕಟ್ಟಿಕೊಂಡಿದ್ದರು. ಗಂಟು ಬಿಚ್ಚಬೇಕಾದರೆ ಕೈ ಬಿಸಿ ಮಾಡಬೇಕಿತ್ತು. ಮೂರನೆಯದು 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’. ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ಉತಾರಗಳು ಕಂಪ್ಯೂಟರ್ ಸೇರಿದವು. ಆಗ ಹದಿನೈದು ರೂಪಾಯಿ ಕೊಟ್ಟರೆ ಉತಾರ ಕೈಗೆ. ಮೊದಲು ಬಂದ ಅರ್ಜಿ ಮೊದಲು ವಿಲೇವಾರಿ, ಅಧಿಕಾರಿಯ ಬೆರಳಚ್ಚಿಲ್ಲದೆ ತಿದ್ದುಪಡಿ ಇಲ್ಲ, ಪರದೆಯನ್ನು ಜನರ ಕಡೆಗೂ ತಿರುಗಿಸಿ ಇಡುವುದು. ಇದನ್ನು ಅಣಕಿಸಲು ನನಗೆ ಬಾಯಿ ಬರುವುದಿಲ್ಲ. ತಲಾಟಿಯ ಕಟ್ಟೆಯ ಮುಂದೆ ಟೊಪ್ಪಿಗೆ ತೆಗೆದು ನಿಂತ ಅಪ್ಪಂದಿರನ್ನು ಕಂಡವರಿಗೆ ಅದರ ಬೆಲೆ ಗೊತ್ತು. ನನ್ನ ತಕರಾರು ಆಮೇಲಿನದು. ತಾಲ್ಲೂಕಿನ ಕೋಣೆಯಲ್ಲಿದ್ದ ದತ್ತಾಂಶ ಬೆಂಗಳೂರು ಸೇರಿ, ಒಂದಕ್ಕೆ ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು ಜೋಡಣೆಯಾಗುತ್ತ ಹೋಯಿತಲ್ಲ, ಅಲ್ಲಿಂದ ಶುರುವಾಗುವುದು.

ಪ್ರತಿಕೃತಿ ಸಮಸ್ಯೆ

ಒಬ್ಬ ಫಕೀರಪ್ಪ ಇದ್ದಾನೆಂದು ಭಾವಿಸಿರಿ. ಈ ಸೀಮೆಯಲ್ಲಿ ಭಾವಿಸಲು ಕಷ್ಟವಿಲ್ಲ, ಓಣಿಗೊಬ್ಬನಿದ್ದಾನೆ. ಉತಾರದಲ್ಲಿ ಅವನು ಫಕ್ಕೀರಪ್ಪ, ಆಧಾರ್‌ನಲ್ಲಿ ಪಕೀರಪ್ಪ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ‘ಎಫ್’ ಮತ್ತು ಅಡ್ಡಹೆಸರು, ರೇಷನ್ ಕಾರ್ಡಿನಲ್ಲಿ ಫಕೀರವ್ವ, ಲಿಂಗಸಮೇತ. ಒಂದೇ ಮನುಷ್ಯನ ನಾಲ್ಕು ಪ್ರತಿಕೃತಿ, ನಾಲ್ಕು ಸಾಕ್ಷ್ಯ. ಸುಳ್ಳು ಹೇಳುವ ಸಂಗಾತಿಗಳ ನಡುವೆ ಒಮ್ಮತಕ್ಕೆ ಬರುವುದು ಹೇಗೆಂಬುದನ್ನು ಗಣಕಶಾಸ್ತ್ರ 1982ರಲ್ಲೇ ‘ಬೈಜಾಂಟೈನ್ ಸೇನಾನಿಗಳ ಸಮಸ್ಯೆ’ ಎಂದು ಹೆಸರಿಟ್ಟು ಬಿಡಿಸಿತ್ತು: ಸುಳ್ಳುಗಾರರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸತ್ಯ ಗೆಲ್ಲಬಹುದು. ನರಗುಂದದ ಆವೃತ್ತಿಯಲ್ಲಿ ಒಂದೇ ವ್ಯತ್ಯಾಸ. ಇಲ್ಲಿ ಎಲ್ಲ ದಾಖಲೆಗಳಿಗೂ ಮತವಿದೆ, ಕೌಂಟರಿನ ಮುಂದೆ ಟೊಂಕಕ್ಕೆ ಕೈಯಿಟ್ಟು ನಿಂತ ಫಕೀರಪ್ಪನಿಗೆ ಮಾತ್ರ ಇಲ್ಲ.

‘ನಾನ ಅದನ್ರೀ ಸಾಹೇಬ್ರ, ನನ್ನ ಬಿಟ್ಟು ಇನ್ಯಾರ ಇರ್ತಾರ?’

‘ನೀ ಅದಿ ಅಂತ ನನಗ ಗೊತ್ತೈತೋ ಯಜಮಾನ. ಸಿಸ್ಟಮ್ ತಗೋಬೇಕಲ್ಲ.’

ಹೀಗೆ ವ್ಯತ್ಯಾಸ ಪತ್ತೆಯಾದ ಮೇಲೆ ಪ್ರತಿಕೃತಿಗಳನ್ನು ಪರಸ್ಪರ ಹೊಂದಿಸಬೇಕು. ಬೇರೆ ದೇಶಗಳಲ್ಲಿ ಇದನ್ನು ಹಿನ್ನೆಲೆಯಲ್ಲಿ ಓಡುವ ತಂತ್ರಾಂಶ ಮಾಡುತ್ತದಂತೆ. ನಮ್ಮಲ್ಲಿ ಹಿನ್ನೆಲೆಯಲ್ಲಿ ಓಡುವವನು ಫಕೀರಪ್ಪ. ತಾಲ್ಲೂಕು ಕಚೇರಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಆಧಾರ್ ಕೇಂದ್ರಕ್ಕೆ, ಅಲ್ಲಿಂದ ರೈತ ಸಂಪರ್ಕ ಕೇಂದ್ರಕ್ಕೆ ಮಾಹಿತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹೊತ್ತೊಯ್ಯುವ ಈ ಮಾನವ ಕೇಬಲ್ಲೇ ಇಡೀ ಜಾಲದ ಬೆನ್ನೆಲುಬು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಯಾದ ಮೇಲೆ ಈ ಕೇಬಲ್ಲಿನ ವೆಚ್ಚದಲ್ಲಿ ಗಮನಾರ್ಹ ಇಳಿಕೆಯಾಗಿದೆ: ಹೆಂಡತಿಯನ್ನು ಕಳಿಸಿದರೆ ಬಸ್ ಚಾರ್ಜಿಲ್ಲ. ಕಾರ್ಯಕ್ಷಮತಾ ಸಂವರ್ಧನೆಯಲ್ಲಿ ಇಷ್ಟು ಅಗ್ಗದ ಪರಿಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಡೌನ್ ಪ್ರಭೇದಗಳು

ಪ್ರಥಮತಃ, ಪೂರ್ಣಾವರೋಹ. ಪರದೆ ಬಿಳಿ, ಆಪರೇಟರ್ ಚಹಾಕ್ಕೆ. ದ್ವಿತೀಯತಃ, ಚಕ್ರಭ್ರಮಣ. ಪರದೆಯ ನಡುವೆ ಒಂದು ಚಕ್ರ ತಿರುಗುತ್ತಿರುತ್ತದೆ, ನೋಡುವವರು ಭಕ್ತಿಯಿಂದ ನೋಡುತ್ತಿರುತ್ತಾರೆ. ಭೀಮಸೇನ ಜೋಶಿ ಹುಟ್ಟಿದ ರೋಣದಲ್ಲಿ ವಿಲಂಬಿತದ ಬಗ್ಗೆ ಜನರಿಗೆ ಮೊದಲಿಂದಲೂ ಗೌರವವಿದೆ. ತೃತೀಯತಃ, ಓಟಿಪಿಜನ್ಯ. ಇಲ್ಲಿ ಸರ್ವರ್ ಸರಿಯಾಗಿರುತ್ತದೆ, ಆದರೆ ಓಟಿಪಿ ಹೋದ ಮೊಬೈಲು ಮಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದ ಮಗನ ಕಿಸೆಯಲ್ಲಿ, ಮಗ ಐದನೇ ಮಹಡಿಯ ಸೆಂಟ್ರಿಂಗ್ ಮೇಲೆ. ಚತುರ್ಥತಃ, ಅಂಗುಷ್ಠಜನ್ಯ. ಯರಿ ಹೊಲದಲ್ಲಿ ಕಳೆ ಕಿತ್ತು, ಉಳ್ಳಾಗಡ್ಡಿ ಹೆಚ್ಚಿ ಸವೆದ ಹೆಬ್ಬೆರಳನ್ನು ಯಂತ್ರ ಮೂಸಿ ನೋಡಿ ‘ಹೊಂದಿಕೆಯಾಗುತ್ತಿಲ್ಲ’ ಎನ್ನುತ್ತದೆ. ಗಜೇಂದ್ರಗಡದ ನೇಕಾರರಿಗೂ ಇದು ಅನ್ವಯ. ಪಂಚಮತಃ...

ಸಾಕು. ಮೂಲ ರೂಪುರೇಷೆಯಲ್ಲಿ ಹನ್ನೊಂದು ಪ್ರಭೇದಗಳಿದ್ದವು, ಉಪಪ್ರಭೇದ ಬೇರೆ. ಕೌಂಟರಿನ ಈಚೆಗೆ ನಿಂತವರಿಗೆ ಹನ್ನೊಂದೂ ಒಂದೇ ಥರ ಕೇಳಿಸುತ್ತವೆ: ‘ಸರ್ವರ್ ಇಲ್ರೀ, ನಾಳಿ ಬರ್ರಿ.’

ಸಂವರ್ಧನಾ ತಂತ್ರಗಳು

ಭಾರ ಹೆಚ್ಚಾದ ಸಂಗ್ರಹವನ್ನು ಒಡೆದು ಎರಡು ಮಾಡುವುದಕ್ಕೆ ತಜ್ಞರು ಶಾರ್ಡಿಂಗ್ ಎನ್ನುತ್ತಾರೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಗಜೇಂದ್ರಗಡವೂ ಒಂದು, ರೋಣದಿಂದ ಒಡೆದ ಶಾರ್ಡು. ಒಡೆಯುವುದು ಸುಲಭ. ಯಾವ ಕಡತ ಯಾವ ಕಡೆ ಹೋಯಿತೆಂದು ಹೇಳುವ ಸೂಚಿ ಮಾಡುವುದು ಕಷ್ಟ. ತಾಲ್ಲೂಕು ಒಡೆದ ಕಡೆಯೆಲ್ಲ ಕೇಳಿಬರುವ ‘ಅದು ಹಳೇ ತಾಲೂಕಿನ್ಯಾಗ ಇರಬೇಕು ನೋಡ್ರಿ’ ಎಂಬುದನ್ನು ನಾವು ‘ದೂರಸ್ಥ ಸೂಚೀನಿರ್ದೇಶನ’ ಎಂದು ಕರೆಯೋಣ. ಕರೆದರೆ ಕಡತ ಸಿಗುವುದಿಲ್ಲ, ಆದರೆ ಪ್ರಬಂಧ ಬೆಳೆಯುತ್ತದೆ.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗಿ ಗ್ರಿಡ್ಡಿಗೆ ಕರೆಂಟು ಕೊಡುತ್ತಿರುತ್ತವೆ. ಗುಡ್ಡದ ಕೆಳಗೆ ಯುಪಿಎಸ್ ಕೀಂ ಕೀಂ ಎನ್ನುತ್ತಿರುತ್ತದೆ. ಇದು ಯಾವ ಅಧ್ಯಾಯಕ್ಕೆ ಸೇರುತ್ತದೆಂದು ತಿಳಿಯದೆ ಇಲ್ಲಿ ಹಾಕಿದ್ದೇನೆ.

ಎಲ್ಲಕ್ಕಿಂತ ದೊಡ್ಡ ದೋಷ ‘ಕೊನೆಯ ದಿನಾಂಕ’. ಹೆಸರುಕಾಳು ಖರೀದಿಗೆ ನೋಂದಣಿ, ಬೆಳೆ ವಿಮೆ, ಇ-ಕೆವೈಸಿ, ಯಾವುದೇ ಇರಲಿ, ಇಡೀ ರಾಜ್ಯಕ್ಕೆ ಒಂದೇ ಗಡುವು ಕೊಟ್ಟು, ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಒಂದೇ ಬಾಗಿಲು ತಟ್ಟುವಂತೆ ಮಾಡಿ, ಬಾಗಿಲು ಮುರಿದಾಗ ‘ಅನಿರೀಕ್ಷಿತ ದಟ್ಟಣೆ’ ಎನ್ನುವುದು. ಗಡುವು ಹಾಕಿದವರಿಗೆ ದಟ್ಟಣೆ ಅನಿರೀಕ್ಷಿತ ಹೇಗಾಯಿತು? ಸರದಿ ಹಂಚುವುದು, ವಿಫಲವಾದವರು ಒಟ್ಟಿಗೆ ಮತ್ತೆ ತಟ್ಟದಂತೆ ಬೇರೆ ಬೇರೆ ಹೊತ್ತು ಕಾಯಿಸುವುದು, ಬರೆಯುವ ಮೊದಲು ಅರ್ಜಿಯನ್ನು ಪಕ್ಕದ ಸಾಲಿಗೆ ಹಾಕಿಕೊಳ್ಳುವುದು, ಇವೆಲ್ಲ ಈ ವಿದ್ಯೆಯ ಮೊದಲ ವರ್ಷದ ಪಾಠ. ಎರಿಕ್ ಬ್ರೂವರ್ 2000ದಲ್ಲಿ ಹೇಳಿದ್ದು, ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಸಾಧಿಸಿ ತೋರಿಸಿದ್ದು ಇಷ್ಟು: ಜಾಲ ಕಡಿದಾಗ ಏಕರೂಪತೆ ಬೇಕೋ, ಲಭ್ಯತೆ ಬೇಕೋ, ಒಂದನ್ನು ಆರಿಸಿಕೊಳ್ಳಿ. ನಾವು ಉದಾರಿಗಳು, ಎರಡನ್ನೂ ಬಿಟ್ಟುಕೊಟ್ಟೆವು.

ಕೌಂಟರಿನ ಹುಡುಗನನ್ನೂ, ಗ್ರಾಮ ಆಡಳಿತ ಅಧಿಕಾರಿಯನ್ನೂ ಬೈಯಬೇಡಿ. ಹತ್ತಾರು ಆ್ಯಪ್‌ಗಳನ್ನು ತಲೆಗೆ ಕಟ್ಟಿ, ಸರಿಯಾದ ಮೊಬೈಲು, ಲ್ಯಾಪ್‌ಟಾಪು ಕೊಡದೆ ದುಡಿಸುತ್ತಾರೆಂದು ಅವರೇ 2024ರಲ್ಲಿ ರಾಜ್ಯಾದ್ಯಂತ ಮುಷ್ಕರಕ್ಕೆ ಕೂತಿದ್ದರು.

ಈಗ ಅಣಕು ಸ್ವಲ್ಪ ಹೊತ್ತು ಬದಿಗಿರಲಿ. ದಾಖಲೆ ಒಂದು ಹೇಳಿ ನೆಲ ಇನ್ನೊಂದು ಹೇಳಿದರೆ ಏನಾಗುತ್ತದೆಂದು ಈ ಸೀಮೆಗೆ ಯಾರೂ ಪಾಠ ಮಾಡಬೇಕಿಲ್ಲ. ಮಲಪ್ರಭಾ ಕಾಲುವೆಯ ನೀರು ಕಾಣದ ಹೊಲವನ್ನೂ ನೀರಾವರಿ ಎಂದು ಬರೆದುಕೊಂಡು ಅಭಿವೃದ್ಧಿ ಕರ ಕೇಳಿದರು. ಕಾಗದದಲ್ಲಿ ನೀರು ಹರಿಯುತ್ತಿತ್ತು. 1980ರ ಜುಲೈ 21ರಂದು ರೈತರು ನರಗುಂದದ ತಹಶೀಲ್ದಾರ್ ಕಚೇರಿಯ ಮುಂದೆ ಸೇರಿ ಆ ತಪ್ಪನ್ನು ತೋರಿಸಿದರು. ಗುಂಡು ಹಾರಿತು, ಜೀವ ಹೋಯಿತು. ನರಗುಂದದಲ್ಲಿ ನಿಂತು ‘ಸಣ್ಣ ಡೇಟಾ ಮಿಸ್‌ಮ್ಯಾಚ್ ಅಷ್ಟೇ’ ಎನ್ನುವ ಸಲಹೆಗಾರರಿಗೆ ಇದನ್ನು ಯಾರಾದರೂ ಹೇಳಬೇಕು. ಇವತ್ತು ಗುಂಡು ಹಾರುವುದಿಲ್ಲ. ಹೆಸರಿನಲ್ಲಿ ಒಂದು ಒತ್ತಕ್ಷರ ಹೆಚ್ಚಾದದ್ದಕ್ಕೆ ವರ್ಷದ ಆರು ಸಾವಿರ ಕಿಸಾನ್ ಸಮ್ಮಾನ್ ನಿಲ್ಲುತ್ತದೆ, ಬರ ಪರಿಹಾರ ಯಾರದೋ ಖಾತೆಗೆ ಹೋಗುತ್ತದೆ, ಸತ್ತ ಅಜ್ಜನ ಹೆಸರಿನಿಂದ ಹೊಲ ಬಿಡಿಸಿ ವಾರಸಾ ಮಾಡಿಸಲು ಮೊಮ್ಮಗ ಮುದುಕನಾಗುತ್ತಾನೆ. ಸದ್ದಿಲ್ಲದೆ ಆಗುವುದರಿಂದ ಇದಕ್ಕೆ ಹುತಾತ್ಮ ದಿನವಿಲ್ಲ.

ಕಾನೂನು ಇಲ್ಲವೆಂದಲ್ಲ. 2011ರ ಸಕಾಲ ಕಾಯ್ದೆಯ ಪ್ರಕಾರ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ನರೇಗಾ ಕೂಲಿಯೇ 2025ರಲ್ಲಿ ದಿನಕ್ಕೆ 370 ರೂಪಾಯಿ ಆಗಿತ್ತೆಂಬ ಲೆಕ್ಕವನ್ನು ಬಿಡೋಣ. ಆ ಇಪ್ಪತ್ತಾದರೂ ಯಾವಾಗಿನಿಂದ ಎಣಿಕೆ? ಅರ್ಜಿ ಸ್ವೀಕಾರವಾಗಿ, ಸಕಾಲ ಸಂಖ್ಯೆ ಮುದ್ರಣವಾದ ಗಳಿಗೆಯಿಂದ. ಸರ್ವರ್ ಇಲ್ಲದಿದ್ದರೆ ಅರ್ಜಿ ಸ್ವೀಕಾರವಾಗುವುದಿಲ್ಲ. ಸ್ವೀಕಾರವಾಗದಿದ್ದರೆ ಗಡಿಯಾರ ಶುರುವಾಗುವುದಿಲ್ಲ. ಗಡಿಯಾರ ಶುರುವಾಗದಿದ್ದರೆ ವಿಳಂಬವೇ ಇಲ್ಲ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋದವಳು ಯಾವ ದಾಖಲೆಯಲ್ಲೂ ಬಂದಿಲ್ಲ, ಹೋಗಿಯೂ ಇಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಸಿಕ್ಕಿದ ಅಸಲಿ ದೋಷ ಇದೊಂದೇ, ಉಳಿದದ್ದೆಲ್ಲ ಇದರ ಮರಿಗಳು.

ಗಂಭೀರ ಸಂಗ್ರಹ ತಂತ್ರಾಂಶಗಳು ಯಾವ ಕೆಲಸ ಮಾಡುವ ಮೊದಲೂ ‘ಇಂಥದ್ದು ಬಂತು’ ಎಂದು ಒಂದು ಕಡೆ ಬರೆದುಕೊಳ್ಳುತ್ತವೆ, ಆಮೇಲೆ ಯಂತ್ರ ಬಿದ್ದರೂ ಬಂದದ್ದು ಕಳೆಯುವುದಿಲ್ಲ. ಹಳೆಯ ಚಾವಡಿಯಲ್ಲಿ ಅದಕ್ಕೆ ಆವಕ ಪುಸ್ತಕ ಎನ್ನುತ್ತಿದ್ದರು. ಕೌಂಟರಿಗೆ ಈಗ ಬೇಕಾದದ್ದು ಅದೇ: ದಿನಾಂಕ, ಹೆಸರು, ‘ಬಂದಿದ್ದರು, ಸರ್ವರ್ ಇರಲಿಲ್ಲ’, ಕೆಳಗೊಂದು ಸಿಕ್ಕ, ಅದರ ಚೀಟಿ ಬಂದವರ ಕೈಗೆ. ಚೀಟಿಯ ದಿನದಿಂದಲೇ ಸಕಾಲದ ಎಣಿಕೆ. ಅಂಥ ಪುಸ್ತಕ ನಾನು ಹೋದ ಯಾವ ಕಚೇರಿಯಲ್ಲೂ ಕಾಣಲಿಲ್ಲ. ಆದಕಾರಣ ಈ ಪ್ರಬಂಧದ ಆಧಾರವಾಗಬೇಕಿದ್ದ ಕೋಷ್ಟಕ 1ನ್ನು, ‘ಸರ್ವರ್ ಇಲ್ಲದೆ ವಾಪಸು ಹೋದವರು, ತಾಲ್ಲೂಕುವಾರು’, ಖಾಲಿ ಬಿಡಲಾಗಿದೆ.