ಮಧ್ಯಂತರ ಚುನಾವಣೆ: ಬಳಕೆದಾರರ ಕೈಪಿಡಿ (ಶಿವಮೊಗ್ಗ–ಭದ್ರಾವತಿ ಮಾದರಿ)

ಮತದಾರ ಮಹಾಶಯರೇ, ನಮ್ಮ ಸಾಮಗ್ರಿಯನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ. ನಾವೆಲ್ಲಿ ಆರಿಸಿಕೊಂಡೆವು, ಅದೇ ಬಾಗಿಲಿಗೆ ಬಂತಲ್ಲ ಎನ್ನುತ್ತೀರಾ? ಸರಿ, ಬಂದಿದೆ. ಪೆಟ್ಟಿಗೆ ತೆರೆಯುವ ಮುನ್ನ ಇದನ್ನು ಓದಿಕೊಳ್ಳಿ.

ಮಾದರಿ ಗುರುತಿಸುವ ಬಗೆ

ಅಮೆರಿಕದ ಅಳಿಯ ಫೋನಿನಲ್ಲಿ ಹೇಳುವ ‘ಮಿಡ್‌ಟರ್ಮ್’ ಬೇರೆ. ಅದಕ್ಕೆ ಗಡಿಯಾರ ಕಟ್ಟಿದ್ದಾರೆ. ಅಧ್ಯಕ್ಷರ ನಾಲ್ಕು ವರ್ಷದ ನಟ್ಟನಡುವೆ, ನವೆಂಬರಿನ ಮೊದಲ ಸೋಮವಾರದ ಮರುದಿನ ಮತದಾನ. ಕೆಳಮನೆಯ 435 ಸ್ಥಾನಗಳೂ ಸೆನೆಟ್‌ನ ಮೂರನೇ ಒಂದರಷ್ಟೂ ಕಣಕ್ಕಿಳಿಯುತ್ತವೆ. ಅಧ್ಯಕ್ಷರು ನಕ್ಕರೂ ಮುನಿಸಿಕೊಂಡರೂ ದಿನ ಕದಲದು.

ನಮ್ಮದಕ್ಕೆ ಗಡಿಯಾರವಿಲ್ಲ. ಗಾತ್ರ ಮಾತ್ರ ಎರಡು. ದೊಡ್ಡದರಲ್ಲಿ ಸದನವೇ ವಿಸರ್ಜನೆ: 1984ರ ಲೋಕಸಭೆ ಚುನಾವಣೆಯಲ್ಲಿ ತಮ್ಮ ಪಕ್ಷ ನೆಲಕಚ್ಚಿದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು, ಹೊಸ ಜನಾದೇಶ ಕೇಳಿ, 1985ರಲ್ಲಿ ವಿಧಾನಸಭೆಯ 139 ಸ್ಥಾನ ಗೆದ್ದು ಬಂದರು. ಚಿಕ್ಕದು ಉಪಚುನಾವಣೆ. ನಮ್ಮ ಕಡೆ ಬಳಕೆ ಜಾಸ್ತಿ ಇದರದೇ. 2005ರಲ್ಲಿ ಬಂಗಾರಪ್ಪ ಬಿಜೆಪಿಯನ್ನೂ ಶಿವಮೊಗ್ಗದ ಸಂಸದ ಸ್ಥಾನವನ್ನೂ ಬಿಟ್ಟು, ಸಮಾಜವಾದಿ ಪಕ್ಷದ ಸೈಕಲ್ ಹತ್ತಿ, ಬಿಟ್ಟ ಜಾಗಕ್ಕೇ ವಾಪಸಾದರು. ಇಂಥ ಸವಾರಿ ಎಲ್ಲರಿಗೂ ಒಲಿಯುವುದಿಲ್ಲ.

ಚಾಲೂ ಮಾಡುವ ಬಗೆ

ಸ್ವಿಚ್ ಹುಡುಕಬೇಡಿ. ಅದು ನಿಮ್ಮ ಕಡೆ ಇಲ್ಲ. 2018ರ ಮೇ 17ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಶಾಸಕ, ಸಂಸದ ಎರಡೂ ಆಗಿರುವಂತಿಲ್ಲವಲ್ಲ, 18ರಂದು ಶಿವಮೊಗ್ಗದ ಲೋಕಸಭಾ ಸ್ಥಾನ ತೆರವಾಯಿತು. 19ರಂದು ಬಹುಮತವಿಲ್ಲದೆ ಮುಖ್ಯಮಂತ್ರಿ ಪದವಿಯೂ ಹೋಯಿತು. ಶಿಕಾರಿಪುರದ ಶಾಸಕ ಸ್ಥಾನ ಅವರಿಗುಳಿಯಿತು, ನಮಗೆ ಉಪಚುನಾವಣೆ ಸಿಕ್ಕಿತು.

ಇನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ. ಸ್ಥಾನ ತೆರವಾದ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಉಳಿದ ಅವಧಿ ವರ್ಷಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ. ಆ ಲೋಕಸಭೆಯ ಆಯಸ್ಸು 2019ರ ಜೂನ್ 3ರವರೆಗೆ. ರಾಜೀನಾಮೆ ಪತ್ರ ಇನ್ನೊಂದು ಇಪ್ಪತ್ತು ದಿನ ಜೇಬಿನಲ್ಲಿದ್ದಿದ್ದರೆ ಬೈಂದೂರಿನಿಂದ ಭದ್ರಾವತಿವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮತಗಟ್ಟೆಯೇ ಬೇಕಿರಲಿಲ್ಲ. ಆಂಧ್ರದ ಐವರು ಸಂಸದರ ರಾಜೀನಾಮೆ 2018ರ ಜೂನ್‌ನಲ್ಲಿ ಅಂಗೀಕಾರವಾಯಿತು, ಅಲ್ಲಿ ಉಪಚುನಾವಣೆ ನಡೆಯಲಿಲ್ಲ.

ಭದ್ರಾವತಿ ಬಳಕೆದಾರರಿಗೆ ವಿಶೇಷ ಸೂಚನೆ

ನಿಮ್ಮ ಪೆಟ್ಟಿಗೆಯಲ್ಲಿ ಒಂದು ಭರವಸೆ ಉಚಿತ: ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಪುನಶ್ಚೇತನ. (ಎಂಪಿಎಂ ಕಾಗದ ಕಾರ್ಖಾನೆಯದ್ದೂ ಕೆಲವೊಮ್ಮೆ ಜೊತೆಗೆ ಬರುತ್ತದೆ.) 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆಯನ್ನು ಮಾರುವುದಕ್ಕೆ ಕೇಂದ್ರ ಸಂಪುಟ 2016ರಲ್ಲೇ ತಾತ್ವಿಕ ಒಪ್ಪಿಗೆ ಕೊಟ್ಟಿತ್ತು. 2018ರ ಮೇ 12ಕ್ಕೆ ವಿಧಾನಸಭೆ, ನವೆಂಬರ್ 3ಕ್ಕೆ ಉಪಚುನಾವಣೆ, 2019ರ ಏಪ್ರಿಲ್ 23ಕ್ಕೆ ಲೋಕಸಭೆ. ವರ್ಷ ತುಂಬುವುದರೊಳಗೆ ನ್ಯೂ ಟೌನ್, ಪೇಪರ್ ಟೌನ್‌ನವರ ಬೆರಳಿಗೆ ಮೂರು ಸಲ ಶಾಯಿ. ಭರವಸೆಯನ್ನು ಒಗೆದು ಒಣಗಿಸಿ ಮತ್ತೆ ಬಳಸಬಹುದು, ಬಣ್ಣ ಹೋಗದು. ವಾರಂಟಿ ಇಲ್ಲ: 2023ರ ಜನವರಿಯಲ್ಲಿ ಒಡೆತನದ ಕಂಪನಿ ಸೈಲ್, ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಪ್ರಕಟಿಸಿದಾಗ ಕಾರ್ಮಿಕರು ಧರಣಿ ಕೂರಬೇಕಾಯಿತು.

ಫಲಿತಾಂಶ ಮತ್ತು ಸಂಗ್ರಹಣೆ

ಎಣಿಕೆ ನಡೆದದ್ದು 2018ರ ನವೆಂಬರ್ 6ರಂದು. ಕಾಕತಾಳೀಯವೆಂದರೆ ಅಮೆರಿಕದವರು ತಮ್ಮ ಮಿಡ್‌ಟರ್ಮ್‌ಗೆ ಓಟು ಹಾಕಿದ್ದೂ ಅಂದೇ. ಇಲ್ಲಿ ಬಿಜೆಪಿಯ ಬಿ.ವೈ. ರಾಘವೇಂದ್ರ ಜೆಡಿಎಸ್‌ನ ಮಧು ಬಂಗಾರಪ್ಪ ಅವರನ್ನು 52,148 ಮತಗಳಿಂದ ಸೋಲಿಸಿದರು. ಮುಂದಿನ ಮಾರ್ಚ್ 10ಕ್ಕೆ ಮತ್ತೆ ನೀತಿಸಂಹಿತೆ ಬಂತು. ಹೊಸ ಸಂಸದರಿಗೆ ಕೈಬಿಚ್ಚಿ ಕೆಲಸ ಮಾಡಲು ಸಿಕ್ಕಿದ್ದು ನಾಲ್ಕು ತಿಂಗಳು.

ಆದ್ದರಿಂದ ಶಿವಮೊಗ್ಗದ ಗೋಪಿ ವೃತ್ತದ ಫ್ಲೆಕ್ಸ್‌ಗಳನ್ನು ಬಿಚ್ಚಿದರೂ ಹರಿಯಬೇಡಿ, ಮಡಚಿ ಅಟ್ಟಕ್ಕೆ ಹಾಕಿ. ಏಪ್ರಿಲ್‌ನಲ್ಲಿ ಎದುರುಬದುರು ನಿಂತವರು ಮತ್ತೆ ಅವರಿಬ್ಬರೇ. ಅಂತರದ ಅಂಕಿಯೊಂದನ್ನು ಮಾತ್ರ ಹೊಸದಾಗಿ ಬರೆಸಬೇಕಾಯಿತು: 2,23,360.