ಗೆಳೆತನ: ಸಂಕಥನ ಮತ್ತು ಅರ್ಧ ಚಾದ ತಾತ್ವಿಕ ನೆಲೆಗಳು

ಪ್ರಸ್ತುತ ಪ್ರಬಂಧವು ಹುಬ್ಬಳ್ಳಿ-ಧಾರವಾಡ ಪರಿಸರದ ಗೆಳೆತನವೆಂಬ ಸಾಂಸ್ಕೃತಿಕ ವಿದ್ಯಮಾನವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿ, ಅದರ ಬಹುಮುಖಿ ಆಯಾಮಗಳೊಂದಿಗೆ ಅನುಸಂಧಾನ ನಡೆಸುವ ವಿನಮ್ರ ಪ್ರಯತ್ನವಾಗಿದೆ. (ಈ ವಾಕ್ಯ ಇಲ್ಲದ ಪ್ರಬಂಧವನ್ನು ಯಾವ ವಿಚಾರ ಸಂಕಿರಣವೂ ಒಪ್ಪುವುದಿಲ್ಲ.) ಅಧ್ಯಯನದ ಅನುಕೂಲಕ್ಕಾಗಿ ಗೆಳೆತನವನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ.

1. ಬೈಗುಳಮೂಲ ಗೆಳೆತನ: “ಎಲ್ಲಿ ಸತ್ತಿದ್ದಿ ಲೇ ಮಗನ, ಇಷ್ಟ ದಿವಸ?” ಎಂಬ ಉಕ್ತಿಯಲ್ಲಿ ಅಂತಃಕರಣವು ಭಾಷಿಕ ಹಿಂಸೆಯಾಗಿ ಸ್ಥಿತ್ಯಂತರಗೊಳ್ಳುತ್ತದೆ. ಇದೇ ಮನುಷ್ಯ “ತಾವು ಕ್ಷೇಮವೇ?” ಎಂದರೆ ಏನೋ ಕೆಟ್ಟಿದೆ ಎಂದೇ ತಿಳಿಯತಕ್ಕದ್ದು.

2. ಚಹಾಧಾರಿತ ಗೆಳೆತನ: ಅರ್ಧರ್ಧ ಚಾ, ಒಂದು ಪ್ಲೇಟ್ ಗಿರಮಿಟ್ಟು, ಎರಡು ಮಿರ್ಚಿ. ರೊಕ್ಕ ಕೊಡುವ ಹೊತ್ತಿಗೆ ಇಬ್ಬರೂ ಕಿಸೆಗೆ ಕೈಹಾಕಿ, ಕೈಯನ್ನು ಅಲ್ಲೇ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುವ ಸ್ಥಿತಿಗೆ ‘ಉಭಯಕಿಸೆ ಸ್ತಂಭನ’ ಎಂದು ಹೆಸರಿಡಬಹುದು.

3. ಸಾಲಜನ್ಯ ಗೆಳೆತನ: ಇಲ್ಲಿಯವರೆಗೆ ಓದಿದ ಗೆಳೆಯ “ಬ್ಯಾಸರಾತು, ಬಿಡಲೇ” ಅಂದದ್ದರಿಂದ ಇದನ್ನೂ ಮುಂದಿನ ನಾಲ್ಕನ್ನೂ ಕೈಬಿಡಲಾಗಿದೆ.

ಇನ್ನು ಚಾರಿತ್ರಿಕ ನೆಲೆ. 1922ರ ಸುಮಾರಿಗೆ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕಟ್ಟಿಕೊಂಡಿತು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ ಎಲ್ಲ ಅದರೊಳಗಿನವರು. ಧಾರವಾಡದ ಅತ್ತಿಕೊಳ್ಳದಲ್ಲಿ ಕೂತು ಓದುತ್ತಿದ್ದರು, ಹಾಡುತ್ತಿದ್ದರು, ವಾದಿಸುತ್ತಿದ್ದರು. ಆಗಿನ್ನೂ ಇಲ್ಲಿ ವಿಶ್ವವಿದ್ಯಾಲಯ ಇರಲಿಲ್ಲ. ಆದ್ದರಿಂದ ಆ ಗುಂಪಿಗೆ ಸಂಶೋಧನಾ ವಿಧಾನ ಗೊತ್ತಿರಲಿಲ್ಲವೆಂಬುದು ಸಿದ್ಧ. 1933ರಲ್ಲಿ ಜಿ.ಬಿ. ಜೋಶಿ ಗೆಳೆಯರನ್ನು ಕೂಡಿಸಿಕೊಂಡು ಮನೋಹರ ಗ್ರಂಥಮಾಲೆ ಆರಂಭಿಸಿದರು. ಸುಭಾಸ ರೋಡಿನ ಅದರ ಅಟ್ಟಕ್ಕೆ ಮುಂದೆ ಕೀರ್ತಿನಾಥ ಕುರ್ತಕೋಟಿ ಬಂದರು, ಗಿರೀಶ ಕಾರ್ನಾಡ ಬಂದರು. ಜಿ.ಬಿ. ಜೋಶಿ ಹುಟ್ಟಿದ್ದು 1904ರಲ್ಲಿ, ಕಾರ್ನಾಡ 1938ರಲ್ಲಿ. ಮೂವತ್ತನಾಲ್ಕು ವರ್ಷದ ಈ ‘ವಯೋಂತರಾಳ’ ಅಟ್ಟದ ಮೆಟ್ಟಿಲು ಹತ್ತುವುದರೊಳಗೆ ಹೇಗೆ ಕರಗುತ್ತಿತ್ತು ಎಂಬುದಕ್ಕೆ ನಮ್ಮಲ್ಲಿ ಸಿದ್ಧಾಂತವಿಲ್ಲ. 1961ರಲ್ಲಿ, ಕಾರ್ನಾಡ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, ‘ಯಯಾತಿ’ ಗ್ರಂಥಮಾಲೆಯಿಂದ ಬಂತು. ಐವತ್ತು ವರ್ಷ ಕಳೆದು 2011ರಲ್ಲಿ ಅವರ ಆತ್ಮಕಥೆ ‘ಆಡಾಡತ ಆಯುಷ್ಯ’ ಬಂದದ್ದೂ ಅಲ್ಲಿಂದಲೇ. ಜಿ.ಬಿ. ಜೋಶಿ ಆಗ ಇರಲಿಲ್ಲ, ಮಗ ರಮಾಕಾಂತ ಜೋಶಿ ನಡೆಸುತ್ತಿದ್ದರು. ಅಪ್ಪನ ಗೆಳೆತನ ಮಗನಿಗೆ ಆಸ್ತಿಯಾಗಿ ಬರುತ್ತದೆಂದು ಯಾವ ಕಾಯಿದೆಯಲ್ಲಿದೆ?

ಈ ವಿಷಯದ ಮೇಲೆಯೇ ನಡೆದ ಸಂಕಿರಣವೊಂದರಲ್ಲಿ ನಾನು ಕೂತಿದ್ದೆ. ವೇದಿಕೆಯ ಮೇಲೆ ಐದು ಕುರ್ಚಿ. ಒಬ್ಬರು ‘ಗೆಳೆಯರ ಗುಂಪಿನ ಪ್ರಸ್ತುತತೆ’ ಓದಿ ಶಾಲು ಹೊದ್ದು ಹೊರಗೆ ಫೋನು ಮಾಡಲು ಹೋದರು; ಎರಡನೆಯವರು ಓದುವಾಗ ಮೂರನೆಯವರು ಪ್ರವಾಸ ಭತ್ಯೆಯ ಫಾರಂ ತುಂಬುತ್ತಿದ್ದರು. ಕೊನೆಗೆ ಅಧ್ಯಕ್ಷರು, “ಸಮಯದ ಅಭಾವದಿಂದ ಚರ್ಚೆಗೆ ಅವಕಾಶವಿಲ್ಲ” ಎಂದರು. ಅಲ್ಲರೀ, ಆ ಮಂದಿ ಬದುಕಿಡೀ ಮಾಡಿದ್ದೇ ಚರ್ಚೆ! ಅವರ ಹೆಸರಿನಲ್ಲಿ ಪ್ರಮಾಣಪತ್ರ ಹಂಚಲಿಕ್ಕೆ ಸಮಯ ಇತ್ತು, ಒಂದು ಪ್ರಶ್ನೆ ಕೇಳಲಿಕ್ಕೆ ಇರಲಿಲ್ಲ. ಆ ಐವರಲ್ಲಿ ಒಬ್ಬರಿಗಾದರೂ, ಬರೆದದ್ದನ್ನು ಮೊದಲೇ ಓದಿ “ಇದು ಜೊಳ್ಳು, ಹರಿದು ಹಾಕು” ಎನ್ನುವ ಗೆಳೆಯ ಇದ್ದಿದ್ದರೆ ಆ ದಿನ ನಮಗೆಲ್ಲ ಉಳಿಯುತ್ತಿತ್ತು.

ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳ ಹಿಂದೆ ಹಾಗೆ ಅಂದ ಒಬ್ಬ ಇದ್ದಾನೆ. ಅವನಿಗೆ ರಾಯಲ್ಟಿ ಇಲ್ಲ, ಮುಖಪುಟದಲ್ಲಿ ಹೆಸರಿಲ್ಲ. ಈಗ ಎಲ್ಲರೂ “ಸೂಪರ್ ಸರ್” ಅಂತ ಒಂದು ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಬೈಯುವಷ್ಟು ಹತ್ತಿರ ಯಾರೂ ಬರುವುದಿಲ್ಲ. ಬಂದರೂ ಕೂಡ್ರಲಿಕ್ಕೆ ಹೊತ್ತಿಲ್ಲ, ನನಗೂ ಅವರಿಗೂ.

ಉಪಸಂಹಾರವನ್ನು ಗೆಳೆಯ ಹೊಡೆದು ಹಾಕಿದ್ದಾನೆ. “ಶಾಣ್ಯಾ ಆಗಬ್ಯಾಡ, ಸಂಜೀಕ ಬಾ,” ಅಂದ. ರೊಕ್ಕ ನಾನೇ ಕೊಡಬೇಕಂತೆ.