ಹಸಿರುಮನೆಯೋ ಹಸಿಮನೆಯೋ: ಆಸಾಡಿಯ ಉಷ್ಣಶಾಸ್ತ್ರಕ್ಕೊಂದು ಪ್ರವೇಶಿಕೆ

ಮೊದಲಿಗೆ ಶಬ್ದನಿಷ್ಪತ್ತಿ. ‘ಹಸಿರುಮನೆ’ ಎಂಬುದು ‘ಗ್ರೀನ್‌ಹೌಸ್’ನ ಅನುವಾದ ಎಂದು ಪಠ್ಯಪುಸ್ತಕಗಳು ನಮ್ಮನ್ನು ನಂಬಿಸಿವೆ. ಪ್ರಬಂಧಕಾರನಿಗೆ ಇದು ಒಪ್ಪಿಗೆಯಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮಾತನ್ನು ಕತ್ತರಿಸಿ ಆಡುವುದು ರೂಢಿ. ‘ಹೋಗಬೇಕು’ ಎಂಬುದು ‘ಹೋಯ್ಕ್’ ಆಗುತ್ತದೆ, ‘ಬರಬೇಕು’ ಎಂಬುದು ‘ಬರ್ಕ್’ ಆಗುತ್ತದೆ. ಅದೇ ನಿಯಮದಂತೆ ‘ಹಸಿರುಮನೆ’ಯ ‘ರು’ ಮೊದಲ ಮಳೆಗೇ ಕೊಚ್ಚಿಹೋಗಿ ‘ಹಸಿಮನೆ’ ಉಳಿದಿದೆ. ಇದಕ್ಕೆ ಶಾಸನಾಧಾರ ಕೇಳಬಾರದು. ಇದ್ದ ಕಲ್ಲುಗಳಿಗೆಲ್ಲ ಪಾಚಿ ಕಟ್ಟಿದೆ.

ಇನ್ನು ಇತಿಹಾಸ. ರೋಮಿನ ಚಕ್ರವರ್ತಿ ಟೈಬೀರಿಯಸ್‌ಗೆ ದಿನವೂ ಸೌತೆಕಾಯಿ ಬೇಕಿತ್ತಂತೆ; ಅದಕ್ಕಾಗಿ ಗಾಲಿಯ ಮೇಲೆ ಪಾತಿ ಮಾಡಿ, ಚಳಿಯಲ್ಲಿ ಪಾರದರ್ಶಕ ಕಲ್ಲಿನ ಮುಚ್ಚಿಗೆಯಡಿ ಇಡುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. 1851ರಲ್ಲಿ ಲಂಡನ್ನಿನಲ್ಲಿ ಸ್ಫಟಿಕದರಮನೆ ಎದ್ದಿತು, 1889ರಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಗೆ ಅಡಿಗಲ್ಲು ಬಿತ್ತು. ಇವರೆಲ್ಲರ ಚಿಂತೆ ಗಿಡ, ಇಲ್ಲವೇ ಗಿಡ ನೋಡಲು ಬರುವ ಜನ. ನಮ್ಮಲ್ಲಿ ಗಿಡ ಬೆಳೆಸಲು ಪ್ರತ್ಯೇಕ ಮನೆ ಬೇಕಿಲ್ಲ. ಜುಲೈಯಲ್ಲಿ ಚರ್ಮದ ಬೆಲ್ಟೊಂದನ್ನು ನಾಲ್ಕು ದಿನ ಮೊಳೆಗೆ ತೂಗಿಹಾಕಿದರೆ ಸಾಕು, ಬೂಷ್ಟಿನ ಬೆಳೆ ಕೈಗೆ ಬರುತ್ತದೆ. ಆದ್ದರಿಂದ ನಮ್ಮ ಶಾಸ್ತ್ರದ ಮೂಲಪ್ರಶ್ನೆಯೇ ಬೇರೆ: ಬೆಳೆಯುವುದನ್ನು ನಿಲ್ಲಿಸುವುದು ಹೇಗೆ?

ಪೂರ್ವಪಕ್ಷ ಹೀಗಿದೆ. ಚಳಿದೇಶದ ಪುಸ್ತಕಗಳು ಮನೆಯ ದಕ್ಷಿಣದ ಗೋಡೆಗೆ ತಾಗಿಸಿ ಗಾಜಿನ ಮಾಡು ಇಳಿಸಿ ಎನ್ನುತ್ತವೆ. ಸಂದು ಬಿಡದೆ ಮುಚ್ಚಿ, ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ನೀರು ತುಂಬಿಡಿ, ಹಗಲು ಕುಡಿದ ಬಿಸಿಯನ್ನು ಅದು ರಾತ್ರಿ ಕಾರುತ್ತದೆ ಎನ್ನುತ್ತವೆ. ಪ್ರಬಂಧಕಾರ ಇದನ್ನು ಅಕ್ಷರಶಃ ಪಾಲಿಸಿದ. ಜಗಲಿಯ ಬದಿಗೆ ಅಡಿಕೆ ದಬ್ಬೆ ಹೊಡೆದು, ಅಂಗಳದಲ್ಲಿ ಅಡಿಕೆ ಒಣಗಿಸಲು ತಂದಿದ್ದ 200 ಮೈಕ್ರಾನಿನ ಪ್ಲಾಸ್ಟಿಕ್ ಶೀಟನ್ನೇ ಎಳೆದು ಕಟ್ಟಿದ. ಚಾಲಿ ಅಡಿಕೆಗೆ ಸುಮಾರು 40 ದಿನದ ಬಿಸಿಲು ಬೇಕು. ನಡುವೆ ಮೋಡ ಕವಿದರೆ ಅಡಿಕೆಗೆ ಈ ಶೀಟೇ ಗತಿ. ಹಾಗಾಗಿ ಶೀಟು ಅನುಭವಸ್ಥ, ಕಟ್ಟಿದವನು ಅಲ್ಲ.

ದಕ್ಷಿಣದ ಗೋಡೆಯ ವಿಷಯದಲ್ಲಿ ಸೂರ್ಯ ಸಹಕರಿಸಲಿಲ್ಲ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಅವನು ಎತ್ತ ವಾಲಿದ್ದಾನೆಂದು ಜೂನ್ ನಂತರ ಕಂಡವರೂ ಕಡಿಮೆ. ಡ್ರಮ್ಮು ಬಿಸಿ ಕುಡಿಯಲಿಲ್ಲ. ಕಪ್ಪೆಯೊಂದು ಸಂಸಾರ ಹೂಡಿತು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಶಾಸ್ತ್ರೀಯ ಪ್ರಶ್ನೆಯೊಂದನ್ನು ಎತ್ತಿದರು: “ಹ್ವಾಯ್, ಇದ್ ಕೋಳಿಗೂಡಾ, ಸಿಗ್ಡಿ ಕೆರಿಯಾ?”

ಸಂದು ಬಿಡದೆ ಮುಚ್ಚಿದ್ದರ ಫಲ ಮರುದಿನ ಬೆಳಿಗ್ಗೆ ಗೊತ್ತಾಯಿತು. ಹೊರಗೆ ಮಳೆ ಹೊಳವಾಗಿತ್ತು, ಒಳಗೆ ಆಗಿರಲಿಲ್ಲ. ಶೀಟಿನ ಹೊಟ್ಟೆಯಿಂದ ಹನಿ ಒಂದೊಂದೇ ಜಾರಿ, ಒಣಗಲು ಹಾಕಿದ್ದ ಹಲಸಿನ ಹಪ್ಪಳದ ನಟ್ಟನಡುವೆ ಬೀಳುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. “ಹೊರ್ಗಿನ್ ಮಳಿ ಸಾಲ್ಲ ಅಂದ್ಹೇಳಿ ಒಳ್ಗೂ ಒಂದ್ ಮಳಿ ತರ್ಸಿದ್ಯಾ?”

ಇಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್‌ನನ್ನು ನೆನೆಯಬೇಕು. 1909ರಲ್ಲಿ ಆತ ಎರಡು ಪೆಟ್ಟಿಗೆ ಮಾಡಿ ಒಂದಕ್ಕೆ ಗಾಜು, ಇನ್ನೊಂದಕ್ಕೆ ಶಾಖದ ಕಿರಣವನ್ನು ತಡೆಯದ ಕಲ್ಲುಪ್ಪಿನ ಹಲಗೆ ಮುಚ್ಚಿ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಗಾಜಿನಮನೆ ಬಿಸಿಯಾಗುವುದು ಗಾಜಿನ ಮಹಿಮೆಗಿಂತ ಹೆಚ್ಚಾಗಿ ಕಾದ ಗಾಳಿ ಹೊರಗೆ ಹೋಗದಂತೆ ಕಟ್ಟಿಹಾಕಿದ್ದರಿಂದ ಎಂದು ಆತನ ತೀರ್ಮಾನ. ಆತ ಪುಣ್ಯವಂತ. ಇದೇ ಪ್ರಯೋಗವನ್ನು ಬಸರೂರಿನಲ್ಲಿ ಆಸಾಡಿ ತಿಂಗಳಲ್ಲಿ ಮಾಡಿದ್ದರೆ ಎರಡನೆಯ ಮುಚ್ಚಳ ತಾನೇ ನೀರಾಗಿ ಪೆಟ್ಟಿಗೆಯೊಳಗೆ ಇಳಿಯುತ್ತಿತ್ತು. ನಮ್ಮ ಅಡುಗೆಮನೆಯ ಉಪ್ಪಿನ ಭರಣಿಯೇ ಸಾಕ್ಷಿ. ಆದರೂ ಸೂತ್ರ ಸರಿಯಾದದ್ದೇ. ಗಾಳಿ ಕಟ್ಟಿಹಾಕಿದರೆ ಅದರ ಜೊತೆ ತೇವವೂ ಕಟ್ಟಿಬೀಳುತ್ತದೆ. ಒಣಗಬೇಕಾದರೆ ಕೆಳಗೊಂದು ಸಂದು, ಮಾಡಿನ ತುದಿಯಲ್ಲೊಂದು ಕಿಂಡಿ ಬೇಕು. ತಂಪುಗಾಳಿ ಕೆಳಗಿಂದ ಹೊಕ್ಕು, ಕಾದು, ನೀರಪಸೆ ಹೊತ್ತು ಮೇಲಿಂದ ಹೋಗಬೇಕು.

ಕಾಯಿಸುವುದು ಯಾವುದರಿಂದ? ಸಿದ್ಧಾಂತ: ಬಚ್ಚಲಿನಿಂದ. ತಲೆತಲಾಂತರದಿಂದ ಈ ಸೀಮೆಯ ಬಚ್ಚಲೊಲೆಯ ಮೇಲೆ ಹಂಡೆ, ಹಂಡೆಯ ಮೇಲ್ಗಡೆ ಹಗ್ಗ, ಹಗ್ಗದ ಮೇಲೆ ಮಕ್ಕಳ ಯೂನಿಫಾರ್ಮು. ತೆಂಗಿನ ಸಿಪ್ಪೆ, ಗೆರಟೆ, ಕೊತ್ತಳಿಗೆ ಇದರ ಇಂಧನ. ನಾವು ಶಾಲೆಗೆ ಹೋಗುತ್ತಿದ್ದಾಗ ಒದ್ದೆ ಕೊಡೆಗಳ ಸಾಲು ದಾಟಿ ತರಗತಿ ಹೊಕ್ಕರೆ ಅಂಗಿಯ ವಾಸನೆಯಿಂದಲೇ ಯಾರ ಮನೆಯಲ್ಲಿ ಯಾವ ಕಟ್ಟಿಗೆ ಎಂದು ಹೇಳಬಹುದಿತ್ತು: ಗೇರಿನದು ಕಟು, ಮಾವಿನದು ಸೌಮ್ಯ, ಸಿಪ್ಪೆಯದು ಮಧ್ಯಾಹ್ನದ ಊಟದ ಬೆಲ್ ಹೊಡೆದರೂ ಬಿಡದು. ಇದನ್ನು ಗಂಧಶಾಸ್ತ್ರದ ಶಾಖೆಯೆಂದು ಪರಿಗಣಿಸಲು ಯಾವ ವಿಶ್ವವಿದ್ಯಾಲಯವೂ ಮುಂದೆ ಬಂದಿಲ್ಲ.

ಆದ್ದರಿಂದ ಬಚ್ಚಲ ಗೋಡೆಗೆ ಎರಡು ಕಲ್ಲು ಕಿತ್ತು ಹಸಿಮನೆಗೆ ದಾರಿ ಮಾಡಲಾಯಿತು. ಮೊದಲ ದಿನ ಬಿಸಿಯ ಬದಲು ಹೊಗೆಯೇ ಬಂತು. ಹಪ್ಪಳಕ್ಕೆ ಬಿಸಿಯಷ್ಟೇ ಸಾಕು, ಹೊಗೆ ಬೇಡ ಎಂಬ ಉಪಸಿದ್ಧಾಂತ ಅಲ್ಲಿ ಹುಟ್ಟಿತು. ಕಿಂಡಿಗೆ ತಗಡು ಬಡಿದ ಮೇಲೆ ತಗಡು ಕಾದು ಒಳಗೆ ಒಣ ಬಿಸಿ ನಿಂತಿತು. ಉಷ್ಣಮಾಪಕ ತಂದಿದ್ದೆ. ಅದರ ಗಾಜಿನೊಳಗೂ ಬೆವರು ಕಟ್ಟಿ ಅಂಕಿ ಕಾಣುತ್ತಿಲ್ಲ. ಸದ್ಯ ಆ ಕೆಲಸ ಮನೆಯ ಬೆಕ್ಕು ಮಾಡುತ್ತಿದೆ: ಅದು ಮಲಗಿದ ಜಾಗವೇ ಅತ್ಯುಷ್ಣ ಬಿಂದು. ಇದನ್ನು ಬರೆಯುವ ಹೊತ್ತಿಗೆ ಆ ಬಿಂದು ಎರಡನೆಯ ಹಗ್ಗದ ಕೆಳಗೆ, ಒಣಗಿ ಜಾರಿಬಿದ್ದ ನನ್ನ ಏಕೈಕ ಒಣ ಲುಂಗಿಯ ಮೇಲಿದೆ. ಉಪಕರಣವನ್ನು ಕದಲಿಸಿದರೆ ಮಾಪನ ಕೆಡುತ್ತದೆ, ಕೈಗೆ ಗೀರೂ ಬೀಳುತ್ತದೆ. ಹೀಗಾಗಿ ಪ್ರಬಂಧದ ಈ ಭಾಗವನ್ನು ಹಸಿ ಬೈರಾಸು ಸುತ್ತಿಕೊಂಡು ಬರೆಯಲಾಗಿದೆ.